ಕ್ಯಾನ್ಸರ್ ಸರ್ಜನ್ ಕಾನ್ಫರೆನ್ಸ್‌ಗೆ ಹೋಗುವುದು ಹೇಗೆ: ಜಿಲ್ಲೆಯಲ್ಲಿ ಕೆಲಸ ಮಾಡುವ ಕಿರಿಯರಿಗೆ

ಎಂಸಿಎಚ್ (ಸರ್ಜರಿಯ ಉನ್ನತ ಪದವಿ) ಮುಗಿಸಿ ಜಿಲ್ಲೆಯ ಊರಿಗೆ ಬಂದ ಹೊಸತರಲ್ಲಿ ಯಾರಿಗೂ ಕಾನ್ಫರೆನ್ಸ್ ಬೇಕು ಅನ್ನಿಸುವುದಿಲ್ಲ. ಕಲಿತದ್ದೆಲ್ಲ ಇನ್ನೂ ತಾಜಾ ಇರುತ್ತದೆ. ಓಟಿ (ಆಪರೇಷನ್ ಕೋಣೆ) ಲಿಸ್ಟ್ ತುಂಬಿರುತ್ತದೆ. ಮೂರು ದಿನ ರಜೆ ಕೇಳಿದರೆ ಆಸ್ಪತ್ರೆಯವರ ಮುಖ ಸಪ್ಪಗಾಗುತ್ತದೆ. ಕಷ್ಟ ಶುರುವಾಗುವುದು ಕೆಲವು ವರ್ಷ ಕಳೆದ ಮೇಲೆ. ಆಗ ನಿಮ್ಮ ಕೈ ನೋಡಿ ಹೇಳುವವರು ಯಾರೂ ಇರುವುದಿಲ್ಲ. ಎದುರು ನಿಲ್ಲುವ ಅಸಿಸ್ಟೆಂಟ್ ನಿಮ್ಮಿಂದಲೇ ಕಲಿತವರು. ಸಿಸ್ಟರ್ ನಿಮ್ಮ ರೀತಿಗೆ ಒಗ್ಗಿಹೋದವರು. ಕತ್ತಿನ ನೋಡ್‌ಗಳನ್ನು (ಕ್ಯಾನ್ಸರ್ ಹರಡುವ ದುಗ್ಧಗ್ರಂಥಿಗಳನ್ನು) ನೀವು ತೆಗೆಯುವ ಕ್ರಮ ಸರಿಯೋ ಅಲ್ಲವೋ ಅಂತ ಕೇಳಲು ಪಕ್ಕದ ಓಟಿಯಲ್ಲಿ ಇನ್ನೊಬ್ಬ ಕ್ಯಾನ್ಸರ್ ಸರ್ಜನ್ ಇರುವುದಿಲ್ಲ.

ನಾನು ದಾವಣಗೆರೆಯಲ್ಲಿ ಈ ಕೆಲಸ ಮಾಡುವವಳು. ಬಾಯಿ, ಸ್ತನ, ಗರ್ಭಕಂಠ, ಕರುಳು, ಬಂದದ್ದೆಲ್ಲ ಮಾಡುತ್ತೇನೆ. ದೊಡ್ಡ ಊರಿನವರ ಹಾಗೆ ಒಂದೇ ಅಂಗ ಹಿಡಿದು ಕೂರುವ ಅನುಕೂಲ ನಮಗಿಲ್ಲ. ಅದಕ್ಕೇ ನಮಗೆ ಕಾನ್ಫರೆನ್ಸ್ ಅವರಿಗಿಂತ ಜಾಸ್ತಿ ಬೇಕು. ಆದರೆ ಹೋಗುವ ರೀತಿ ಗೊತ್ತಿರಬೇಕು. ಸುಮ್ನೆ ಹೋದರೆ ಒಂದು ಬ್ಯಾಗು, ಒಂದು ಪೆನ್ನು, ಒಂದು ಸರ್ಟಿಫಿಕೇಟ್ ಸಿಗುತ್ತದೆ, ಅಷ್ಟೇ.

ಇದರಿಂದ ಏನಾದರೂ ಆಗುತ್ತದಾ?

ಕಾನ್ಫರೆನ್ಸ್ ಅಂದರೆ ಊಟ, ಶಾಪಿಂಗ್, ಗ್ರೂಪ್ ಫೋಟೊ ಅನ್ನುವ ಮಾತಿದೆ. ಪೂರ್ತಿ ಸುಳ್ಳೂ ಅಲ್ಲ. ಹಾಗಾಗಿ ಮೊದಲು ಸ್ಟಾಕ್‌ಹೋಮ್‌ನ ಕಥೆ ಹೇಳುತ್ತೇನೆ. ಆಸ್ಪತ್ರೆಯ ಆಡಳಿತದವರು ರಜೆ ಕೊಡಲು ಹಿಂದೆಮುಂದೆ ನೋಡಿದಾಗ ನಾನು ಅವರಿಗೆ ಹೇಳುವುದೂ ಇದನ್ನೇ.

ಗುದನಾಳದ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಅದೇ ಜಾಗದಲ್ಲಿ ರೋಗ ಮತ್ತೆ ಬರುವುದು ಹಿಂದೆ ದೊಡ್ಡ ತಲೆನೋವಾಗಿತ್ತು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಅನ್ನುವ ಊರಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಒಂದು ಲೇಖನ ಬರೆದರು. ಗುದನಾಳದ ಸುತ್ತ ಇರುವ ಕೊಬ್ಬಿನ ಹೊದಿಕೆಯನ್ನು ಹರಿಯದೆ, ಅದರದೇ ಪದರ ಹಿಡಿದು ಇಡಿಯಾಗಿ ಬಿಡಿಸಿ ತೆಗೆಯಬೇಕು ಅನ್ನುವುದು ಅವರ ವಾದ. ನಾವೆಲ್ಲ ಟಿಎಂಇ ಅನ್ನುವುದು ಇದನ್ನೇ. ಲೇಖನ ಬಂತು, ಜನ ಓದಿದರು. ಓದಿದ ಮಾತ್ರಕ್ಕೆ ಕೈ ಬದಲಾಗಲಿಲ್ಲ. ಪದರ ಎಲ್ಲಿದೆ, ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅಚ್ಚಿನಲ್ಲಿ ಬರುವಂಥದ್ದಲ್ಲ. 1994ರಿಂದ ಸ್ಟಾಕ್‌ಹೋಮ್‌ನಲ್ಲಿ ಕಾರ್ಯಾಗಾರಗಳು ನಡೆದವು. ಹೀಲ್ಡ್ ಅಲ್ಲಿಗೇ ಹೋಗಿ ಆಪರೇಷನ್ ಮಾಡಿ ತೋರಿಸಿದರು. ಅಲ್ಲಿನ ಸರ್ಜನ್‌ಗಳು ನೋಡಿದರು, ಕೇಳಿದರು, ಜೊತೆಗೆ ನಿಂತು ಮಾಡಿದರು. ಪೆಥಾಲಜಿ (ತೆಗೆದ ಭಾಗವನ್ನು ಲ್ಯಾಬ್‌ನಲ್ಲಿ ಪರೀಕ್ಷಿಸುವ) ತರಗತಿಗಳೂ ನಡೆದವು. ಇದರ ಫಲಿತಾಂಶ 2000ದಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದೇ ಪ್ರಾಂತ್ಯದ ಹಿಂದಿನ ಎರಡು ಅಧ್ಯಯನಗಳಲ್ಲಿ ಶೇ 15 ಮತ್ತು ಶೇ 14ರಷ್ಟು ರೋಗಿಗಳಲ್ಲಿ ಅದೇ ಜಾಗದಲ್ಲಿ ರೋಗ ಮರಳಿತ್ತು. ಕಾರ್ಯಾಗಾರದ ನಂತರ ಅದು ಶೇ 6ಕ್ಕೆ ಇಳಿಯಿತು. ಗುದದ್ವಾರವನ್ನೇ ತೆಗೆದು ಜೀವನಪೂರ್ತಿ ಹೊಟ್ಟೆಗೆ ಚೀಲ ಹಾಕಿಸುವ ಆಪರೇಷನ್‌ಗಳೂ ಅರ್ಧಕ್ಕಿಂತ ಕಡಿಮೆಯಾದವು.

ಹಳೆಯ ರೋಗಿಗಳ ಜೊತೆಗಿನ ಹೋಲಿಕೆ ಇದು, ಅಷ್ಟು ಎಚ್ಚರ ಬೇಕು. ಆದರೂ ಯೋಚಿಸಿ. ಹೊಸ ಔಷಧಿ ಇಲ್ಲ, ಹೊಸ ಮಷೀನ್ ಇಲ್ಲ. ಸರ್ಜನ್‌ಗಳು ಒಂದು ಕಡೆ ಸೇರಿ ಇನ್ನೊಬ್ಬರ ಕೈ ನೋಡಿದರು. ಸರ್ಜರಿ ಕಲಿಯುವುದು ಹೀಗೆಯೇ ಅಲ್ವಾ?

ಯಾವುದಕ್ಕೆ ಹೋಗಬೇಕು

ವರ್ಷಕ್ಕೆ ಎರಡು ಸಾಕು. ಒಂದು ದೊಡ್ಡದು, ಒಂದು ಸಣ್ಣದು.

ದೊಡ್ಡದು ಅಂದರೆ ನ್ಯಾಟ್‌ಕಾನ್. ಇಂಡಿಯನ್ ಅಸೋಸಿಯೇಷನ್ ಆಫ್ ಸರ್ಜಿಕಲ್ ಆಂಕಾಲಜಿ ವರ್ಷಕ್ಕೊಮ್ಮೆ ನಡೆಸುವ ರಾಷ್ಟ್ರೀಯ ಸಮ್ಮೇಳನ. ಸದಸ್ಯತ್ವ ಇನ್ನೂ ತೆಗೆದುಕೊಂಡಿಲ್ಲದಿದ್ದರೆ ಮೊದಲು ಅದನ್ನು ಮಾಡಿ. ಆಮೇಲೆ ಅಂಗಕ್ಕೊಂದು ಸಂಘ ಇದೆ. ತಲೆ ಮತ್ತು ಕತ್ತಿಗೆ ಎಫ್‌ಎಚ್‌ಎನ್‌ಒ, ಸ್ತನಕ್ಕೆ ಎಬಿಎಸ್‌ಐ, ಹೆಂಗಸರ ಕ್ಯಾನ್ಸರ್‌ಗೆ ಎಜಿಒಐ. ನಿಮ್ಮ ರಿಜಿಸ್ಟರ್‌ನಲ್ಲಿ ಯಾವ ಕೇಸ್ ಜಾಸ್ತಿ ಇದೆಯೋ ಆ ಸಂಘ ಹಿಡಿಯಿರಿ. ನಮ್ಮ ಕಡೆ ಗುಟ್ಕಾ, ಎಲೆ ಅಡಿಕೆ, ತಂಬಾಕು. ಹಾಗಾಗಿ ಬಾಯಿ ಕ್ಯಾನ್ಸರ್‌ಗೆ ಬರ ಇಲ್ಲ. ನನ್ನ ಮೊದಲ ಆಯ್ಕೆ ಯಾವಾಗಲೂ ತಲೆ-ಕತ್ತಿನದು. ಮುಂಬೈನ ಟಾಟಾ ಮೆಮೋರಿಯಲ್ ಪ್ರತಿವರ್ಷ ನಡೆಸುವ ಎವಿಡೆನ್ಸ್ ಬೇಸ್ಡ್ ಮೆಡಿಸಿನ್ ಸಮ್ಮೇಳನವನ್ನು ಸಾಧ್ಯವಾದರೆ ಬಿಡಬೇಡಿ. ಪುರಾವೆ ಓದುವುದು ಹೇಗೆ ಅನ್ನುವುದನ್ನು ಅಲ್ಲಿ ಕಲಿಯಬಹುದು.

ಸಣ್ಣದು ಅಂದರೆ ಕೆಡಾವರ್ ವರ್ಕ್‌ಶಾಪ್ (ಶವದ ಮೇಲೆ ಆಪರೇಷನ್ ಕಲಿಯುವುದು) ಅಥವಾ ಇಪ್ಪತ್ತು-ಮೂವತ್ತು ಜನ ಸೇರುವ ಸಭೆ. ಅಲ್ಲಿ ಮಾತಾಡಲು ಸಂಕೋಚ ಕಡಿಮೆ. ಕೈಗೆ ಕೆಲಸ ಸಿಗುತ್ತದೆ.

ಶಿಕಾಗೊದಲ್ಲಿ ನಡೆಯುವ ಆ್ಯಸ್ಕೊ, ಅಂದರೆ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದ ಸಮ್ಮೇಳನ, ಜಾತ್ರೆ ಇದ್ದ ಹಾಗೆ. ನಲವತ್ತು ಸಾವಿರದ ಆಸುಪಾಸು ಜನ. ಜೀವನದಲ್ಲಿ ಒಮ್ಮೆ ನೋಡಬಹುದು. ಆದರೆ ಅಲ್ಲಿನ ಮಾತಿನ ಬಹುಪಾಲು ಔಷಧಿಗಳ ಬಗ್ಗೆ. ಸರ್ಜನ್‌ಗೆ ಬೇಕಾದದ್ದನ್ನು ಹುಡುಕಿಕೊಂಡು ಹೋಗಬೇಕು. ನಮಗೆ ಬೇಕಾದ ಮುಖ್ಯ ಫಲಿತಾಂಶಗಳು ಹೇಗೂ ಆನ್‌ಲೈನ್‌ನಲ್ಲಿ ಬರುತ್ತವೆ. ಹೊಸ ಡಾಕ್ಟರು ಸಾಲ ಮಾಡಿ ಅಮೆರಿಕಕ್ಕೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅದೇ ದುಡ್ಡಲ್ಲಿ ದೇಶದೊಳಗೆ ಮೂರು ವರ್ಷ ಓಡಾಡಬಹುದು. ಹೊರದೇಶದಲ್ಲಿ ಕಲಿಯಲೇಬೇಕು ಅಂದರೆ ಯುಐಸಿಸಿ ಅನ್ನುವ ಅಂತರರಾಷ್ಟ್ರೀಯ ಕ್ಯಾನ್ಸರ್ ಒಕ್ಕೂಟದ ಟೆಕ್ನಿಕಲ್ ಫೆಲೋಶಿಪ್‌ಗೆ ಅರ್ಜಿ ಹಾಕಿ. ಒಂದು ತಿಂಗಳವರೆಗೆ ಒಂದೇ ವಿಭಾಗದಲ್ಲಿ ನಿಂತು ನೋಡುವುದು ಐದು ದಿನದ ಜಾತ್ರೆಗಿಂತ ಮೇಲು.

ಇನ್ನೊಂದು ಎಚ್ಚರಿಕೆ. "ಮಾನ್ಯ ಪ್ರೊಫೆಸರ್, ತಮ್ಮ ಘನ ಸಂಶೋಧನೆಯನ್ನು ಮೆಚ್ಚಿ ಭಾಷಣಕಾರರಾಗಿ ಆಹ್ವಾನಿಸುತ್ತಿದ್ದೇವೆ" ಅಂತ ಇಮೇಲ್ ಬರುತ್ತದೆ. ಯಾವುದೋ ಹೊರದೇಶದ ಹೋಟೆಲ್, ಕ್ಯಾನ್ಸರ್ ಜೊತೆಗೆ ದಂತವೈದ್ಯ, ನರ್ಸಿಂಗ್, ಆಹಾರ ವಿಜ್ಞಾನ ಎಲ್ಲ ಸೇರಿಸಿದ ಸಮ್ಮೇಳನ. ಭಾಷಣ ಮಾಡಲು ನೀವೇ ದುಡ್ಡು ಕಟ್ಟಬೇಕು. ಡಿಲೀಟ್ ಮಾಡಿ. ಸಂಘದ ಹೆಸರು, ಸಂಘಟಕರ ಪಟ್ಟಿ, ಹಿಂದಿನ ವರ್ಷದ ಕಾರ್ಯಕ್ರಮ ನೋಡಿ. ಅದರಲ್ಲಿ ನಿಮಗೆ ಪರಿಚಯದ ಒಬ್ಬ ಸರ್ಜನ್ ಹೆಸರೂ ಇಲ್ಲ ಅಂದರೆ ಅನುಮಾನಪಡಿ.

ಹೊರಡುವ ಮುಂಚೆ

ಇಲ್ಲಿಯೇ ಮುಕ್ಕಾಲು ಕೆಲಸ ಇರುವುದು.

ಓಟಿ ರಿಜಿಸ್ಟರ್ ಮತ್ತು ಪೆಥಾಲಜಿ ರಿಪೋರ್ಟ್‌ಗಳನ್ನು ತೆಗೆದು ಕೂತುಕೊಳ್ಳಿ. ಕಳೆದ ವರ್ಷದ ಕೇಸ್‌ಗಳ ಲೆಕ್ಕ ಮಾಡಿ. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಕನಿಷ್ಠ 12 ನೋಡ್ ಸಿಗಬೇಕು ಅನ್ನುತ್ತಾರೆ. ನಿಮ್ಮದರಲ್ಲಿ ಎಷ್ಟು ಸಿಕ್ಕಿದೆ? ಜಠರದ ಕ್ಯಾನ್ಸರ್‌ಗೆ ಕನಿಷ್ಠ 16, ಕತ್ತಿನ ಡಿಸೆಕ್ಷನ್‌ಗೆ 18. ಬಾಯಿಯ ಕೇಸ್‌ಗಳಲ್ಲಿ ಮಾರ್ಜಿನ್ ಪಾಸಿಟಿವ್ (ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್) ಬಂದದ್ದು ಎಷ್ಟು? ಕರುಳಿನ ಜೋಡಣೆ ಸೋರಿದ್ದು ಎಷ್ಟು? ಗಾಯ ಕೀವಾಗಿ ಮತ್ತೆ ಅಡ್ಮಿಟ್ ಆದವರು ಎಷ್ಟು? ಆಪರೇಷನ್ ಆಗಿ ರೇಡಿಯೇಷನ್ ಶುರುವಾಗಲು ಎಷ್ಟು ವಾರ ಹಿಡಿಯಿತು? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಯಾರಿಗೂ ತೋರಿಸಬೇಕಿಲ್ಲ. ಆದರೆ ವೇದಿಕೆಯಲ್ಲಿ ಯಾರೋ ತಮ್ಮ ಲೀಕ್ ರೇಟ್ ಹೇಳಿದಾಗ ನಿಮ್ಮ ಕೈ ಜೇಬಿಗೆ ಹೋಗಬೇಕು.

ಆ ಹಾಳೆಯಿಂದ ಮೂರು ಪ್ರಶ್ನೆ ಹುಟ್ಟುತ್ತವೆ. ಅವನ್ನು ಹಿಡಿದು ಕಾರ್ಯಕ್ರಮ ಪಟ್ಟಿ ನೋಡಿ. ಒಂದೇ ಹೊತ್ತಿಗೆ ನಾಲ್ಕು ಹಾಲ್‌ಗಳಲ್ಲಿ ಸೆಷನ್ ನಡೆಯುತ್ತವೆ. ಗೆಳೆಯರು ಎಲ್ಲಿ ಕೂತಿದ್ದಾರೋ ಅಲ್ಲಿ ಕೂರುವುದು ಸುಲಭ. ನಿಮ್ಮ ಪ್ರಶ್ನೆ ಇರುವ ಹಾಲ್‌ಗೆ ಹೋಗಿ. ವಿಡಿಯೊ ಸೆಷನ್‌ಗಳಿಗೆ ಮೊದಲ ಗುರುತು ಹಾಕಿ. ಕಾಂಪ್ಲಿಕೇಷನ್‌ಗಳ ಬಗ್ಗೆ ಸೆಷನ್ ಇದ್ದರೆ ಅದಕ್ಕೆ ಎರಡು ಗುರುತು. ನಿಮ್ಮ ಕಾಲೇಜಿನ ಗುರುಗಳ ಮಾತು ಮುಂದಿನ ವರ್ಷವೂ ಇರುತ್ತದೆ.

ಓಟಿ ಲಿಸ್ಟ್ ಬಗ್ಗೆ. ಹೊರಡುವ ವಾರ ದೊಡ್ಡ ಕೇಸ್ ಹಾಕಬೇಡಿ. ಕರುಳಿನ ಜೋಡಣೆ ಸೋರುವುದಿದ್ದರೆ ಸಾಮಾನ್ಯವಾಗಿ ಐದರಿಂದ ಏಳನೇ ದಿನದ ಸುತ್ತಮುತ್ತ ಗೊತ್ತಾಗುತ್ತದೆ. ಫ್ರೀ ಫ್ಲ್ಯಾಪ್ (ಬೇರೆ ಕಡೆಯಿಂದ ತಂದು ರಕ್ತನಾಳ ಜೋಡಿಸಿದ ಅಂಗಾಂಶ) ಕೆಡುವುದಿದ್ದರೆ ಬಹುಪಾಲು ಮೊದಲ ಎರಡು-ಮೂರು ದಿನದಲ್ಲಿ. ಅಂದರೆ ಕೊನೆಯ ಕರುಳಿನ ಕೇಸ್ ಹೊರಡುವ ಹತ್ತು ದಿನ ಮುಂಚೆ ಮುಗಿಯಬೇಕು. ಕೊನೆಯ ವಾರ ಬಯಾಪ್ಸಿ, ಕೀಮೊ ಪೋರ್ಟ್, ಡ್ರೆಸಿಂಗ್. ನೀವಿಲ್ಲದಾಗ ನೋಡಿಕೊಳ್ಳುವ ಡಾಕ್ಟರಿಗೆ ಪ್ರತಿ ರೋಗಿಯ ಬಗ್ಗೆ ಎರಡು ಸಾಲು ಬರೆದು ಕೊಡಿ: ಏನು ಮಾಡಿದ್ದೇನೆ, ಏನು ಕೆಟ್ಟರೆ ಫೋನ್ ಮಾಡಬೇಕು. ಫೋನ್ ಆನ್ ಇಟ್ಟುಕೊಳ್ಳಿ.

ವಾರ್ಡ್‌ನಲ್ಲಿ ಇರುವವರಿಗೂ ನೀವೇ ಹೇಳಿ ಹೋಗಿ. ಇಲ್ಲದಿದ್ದರೆ "ಡಾಕ್ಟ್ರು ಟೂರ್ ಹೋಗಿದಾರಂತೆ" ಅನ್ನುವ ಸುದ್ದಿ ಹಬ್ಬುತ್ತದೆ. ನಾನು ಓದಲು ಹೋಗುತ್ತಿದ್ದೇನೆ ಅಂದಾಗ ಹರಿಹರದ ಕಡೆಯ ಒಬ್ಬ ಅಜ್ಜಿ "ಇನ್ನೂ ಓದೋದು ಮುಗಿದಿಲ್ವಾ ತಾಯಿ?" ಅಂತ ಗಾಬರಿಯಾಗಿ ಕೇಳಿದರು. ಮರುದಿನ ಅವರದೇ ಆಪರೇಷನ್ ಇದ್ದಿದ್ದರೆ ಬಹುಶಃ ಡಿಸ್ಚಾರ್ಜ್ ಕೇಳುತ್ತಿದ್ದರು.

ಹಾಲ್‌ನಲ್ಲಿ ಕೂತು ಕೇಳುವುದು

ಮೊದಲಿಗೆ, ಹೊಸ ಫಲಿತಾಂಶ ಎಷ್ಟು ಬೇಗ ಕಿವಿಗೆ ಬೀಳುತ್ತದೆ ಅನ್ನುವುದೂ ಮುಖ್ಯ. 2018ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಗೈನಕಾಲಜಿ ಕ್ಯಾನ್ಸರ್ ತಜ್ಞರ ಸಭೆ ನಡೆಯಿತು. ಅಲ್ಲಿ ಪೆಡ್ರೊ ರಮಿರೆಜ್ ಎಲ್‌ಎಸಿಸಿ ಅನ್ನುವ ಟ್ರಯಲ್‌ನ ಫಲಿತಾಂಶ ಹೇಳಿದರು. ಗರ್ಭಕಂಠದ ಆರಂಭದ ಹಂತದ ಕ್ಯಾನ್ಸರ್‌ಗೆ ರ್‍ಯಾಡಿಕಲ್ ಹಿಸ್ಟರೆಕ್ಟಮಿ, ಅಂದರೆ ಗರ್ಭಕೋಶವನ್ನು ಸುತ್ತಲಿನ ಅಂಗಾಂಶದ ಜೊತೆ ತೆಗೆಯುವುದು. ಒಂದು ಗುಂಪಿಗೆ ಹೊಟ್ಟೆ ತೆರೆದು, ಇನ್ನೊಂದು ಗುಂಪಿಗೆ ಸಣ್ಣ ರಂಧ್ರದಿಂದ (ಕೀಹೋಲ್), ಲ್ಯಾಪರೊಸ್ಕೋಪ್ ಅಥವಾ ರೋಬಾಟ್ ಬಳಸಿ. ಎರಡೂ ಒಂದೇ ಅಂತ ಎಲ್ಲರೂ ನಂಬಿದ್ದ ಕಾಲ. ನಾಲ್ಕೂವರೆ ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ತೆರೆದ ಆಪರೇಷನ್‌ನಲ್ಲಿ ಶೇ 96.5, ಕೀಹೋಲ್‌ನಲ್ಲಿ ಶೇ 86. ಸಾವೂ ಕೀಹೋಲ್ ಗುಂಪಿನಲ್ಲೇ ಜಾಸ್ತಿ. ಇದು ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಅಚ್ಚಾಗಿ ಬಂದದ್ದು ಅಕ್ಟೋಬರ್ ಕೊನೆಗೆ. ನಡುವೆ ಏಳು ತಿಂಗಳು. ಆ ಏಳು ತಿಂಗಳಲ್ಲಿ ನಿಮ್ಮ ಟೇಬಲ್ ಮೇಲೆ ಮಲಗಿದ ಹೆಂಗಸಿಗೆ ಯಾವ ಆಪರೇಷನ್ ಆಯಿತು ಅನ್ನುವುದು, ನೀವು ಆ ಸಭೆಯ ಸುದ್ದಿ ಕೇಳಿದ್ದಿರೋ ಇಲ್ಲವೋ ಅನ್ನುವುದರ ಮೇಲೆ ನಿಂತಿತ್ತು. "ಸಣ್ಣ ರಂಧ್ರದ ಆಪರೇಷನ್" ಅಂತ ಬೋರ್ಡ್ ಹಾಕಿಕೊಂಡ ಕಡೆ ಇದನ್ನು ಹೇಳುವುದು ಸುಲಭ ಇರಲಿಲ್ಲ.

ಹಾಗಂತ ವೇದಿಕೆಯಿಂದ ಬಂದದ್ದೆಲ್ಲ ಮನೆಗೆ ತರುವಂಥದ್ದಲ್ಲ. ಕೇಳುವಾಗ ಮೊದಲ ಪ್ರಶ್ನೆ: ಆ ರೋಗಿಗಳು ಯಾರು? 2024ರ ಆ್ಯಸ್ಕೊದಲ್ಲಿ ಇಸೊಪೆಕ್ ಟ್ರಯಲ್ ಬಂತು. ಅನ್ನನಾಳದ ಕ್ಯಾನ್ಸರ್‌ಗೆ ಆಪರೇಷನ್ ಹಿಂದೆಮುಂದೆ ಫ್ಲಾಟ್ ಅನ್ನುವ ಕೀಮೊ ಕೊಟ್ಟವರು ಮಧ್ಯಾಂಕದ ಲೆಕ್ಕದಲ್ಲಿ 66 ತಿಂಗಳು ಬದುಕಿದರು. ಆಪರೇಷನ್‌ಗೆ ಮೊದಲು ಕೀಮೊ-ರೇಡಿಯೇಷನ್ ಕೊಟ್ಟವರು 37 ತಿಂಗಳು. ಚಪ್ಪಾಳೆಯೋ ಚಪ್ಪಾಳೆ. ಆದರೆ ಅದು ಅಡಿನೊಕಾರ್ಸಿನೋಮಾ ಅನ್ನುವ ಬಗೆಗೆ. ನಮ್ಮ ಓಪಿಡಿಗೆ ಗಂಜಿಯೂ ಇಳಿಯದ ಸ್ಥಿತಿಯಲ್ಲಿ ಬರುವವರಲ್ಲಿ ಬಹುತೇಕರದ್ದು ಸ್ಕ್ವೇಮಸ್ ಅನ್ನುವ ಇನ್ನೊಂದು ಬಗೆ. ಬೇರೆಯದೇ ರೋಗ ಅಂತ ಇಟ್ಟುಕೊಳ್ಳಿ. ಆ ಫಲಿತಾಂಶ ನೋಡಿ ನಮ್ಮ ಸ್ಕ್ವೇಮಸ್ ರೋಗಿಯ ರೇಡಿಯೇಷನ್ ನಿಲ್ಲಿಸಿದರೆ ಅನ್ಯಾಯ.

ಎರಡನೇ ಪ್ರಶ್ನೆ: ಯಾವುದನ್ನು ಯಾವುದರ ಜೊತೆ ಹೋಲಿಸಿದರು? ದೊಡ್ಡಕರುಳಿನ ಕ್ಯಾನ್ಸರ್ ಹೊಟ್ಟೆಯ ಪದರಕ್ಕೆ ಹರಡಿದಾಗ ಗಡ್ಡೆಗಳನ್ನೆಲ್ಲ ತೆಗೆದು, ಬಿಸಿ ಕೀಮೊ ದ್ರವ ಹೊಟ್ಟೆಯೊಳಗೆ ಹರಿಸುವ ಹೈಪೆಕ್ ಇದೆ. ಬಹಳ ವರ್ಷ ಇದರ ಒಳ್ಳೆಯ ಫಲಿತಾಂಶಗಳು ಸಭೆಗಳಲ್ಲಿ ಬರುತ್ತಲೇ ಇದ್ದವು. 2018ರ ಆ್ಯಸ್ಕೊದಲ್ಲಿ ಫ್ರಾನ್ಸ್‌ನವರ ಪ್ರಾಡಿಜ್ 7 ಬಂತು. ಎರಡೂ ಗುಂಪಿಗೆ ಪೂರ್ತಿ ಆಪರೇಷನ್, ಒಂದಕ್ಕೆ ಮಾತ್ರ ಆಕ್ಸಾಲಿಪ್ಲಾಟಿನ್ ಹೈಪೆಕ್. ಹೈಪೆಕ್ ಆದವರು ಬದುಕಿದ್ದು 41.7 ತಿಂಗಳು, ಆಗದವರು 41.2 ತಿಂಗಳು. ಅಂದರೆ ಫಲ ಕೊಟ್ಟದ್ದು ಸರ್ಜನ್‌ನ ತಾಳ್ಮೆ, ಬಿಸಿ ಔಷಧಿ ಅಲ್ಲ. ಅದೂ ಈ ಒಂದು ಔಷಧಿ, ಈ ಒಂದು ರೋಗದ ಮಟ್ಟಿಗೆ. ಅಂಡಾಶಯದ ಲೆಕ್ಕ ಬೇರೆ. ಪ್ರಾಡಿಜ್ 7ರ ಪೂರ್ತಿ ಲೇಖನ ಬಂದದ್ದು 2021ರಲ್ಲಿ. ಮಷೀನ್ ಕೊಳ್ಳಲು ಹೊರಟವರಿಗೆ ಕಾನ್ಫರೆನ್ಸ್‌ನ ಹತ್ತು ನಿಮಿಷದ ಮಾತು ಎಷ್ಟೋ ಹಣ ಉಳಿಸಿತು.

ಪೋಸ್ಟರ್ ಮತ್ತು ಸಣ್ಣ ಪೇಪರ್‌ಗಳನ್ನು ಇನ್ನೂ ಹುಷಾರಾಗಿ ನೋಡಿ. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು ಮೂರು ಲಕ್ಷಕ್ಕೂ ಹೆಚ್ಚು ಕಾನ್ಫರೆನ್ಸ್ ಅಬ್‌ಸ್ಟ್ರಾಕ್ಟ್‌ಗಳ (ಸಾರಾಂಶಗಳ) ಲೆಕ್ಕ ತೆಗೆದಿದ್ದಾರೆ. ಪೂರ್ತಿ ಲೇಖನವಾಗಿ ಹೊರಬಂದದ್ದು ಶೇ 37ರಷ್ಟು ಮಾತ್ರ. ಉಳಿದವು ಗೋಡೆಯ ಮೇಲೇ ಉಳಿದವು.

ವಿಡಿಯೊ ಬಗ್ಗೆ ಒಂದು ಮಾತು. ಎಂಟು ನಿಮಿಷದ ವಿಡಿಯೊದಲ್ಲಿ ರಕ್ತ ಸುರಿಯುವುದೇ ಇಲ್ಲ, ಗಮನಿಸಿದ್ದೀರಾ? ಸುರಿದ ಭಾಗ ಕತ್ತರಿಸಿರುತ್ತಾರೆ. ನಿಮಗೆ ಬೇಕಾದದ್ದು ಆ ಭಾಗ. ಸೆಷನ್ ಮುಗಿದ ಮೇಲೆ ಹೋಗಿ "ಸರ್, ಇಲ್ಲಿ ರಕ್ತ ಬಂದರೆ ಏನು ಮಾಡ್ತೀರಿ?" ಅಂತ ಕೇಳಿ. ಬಹಳಷ್ಟು ಜನ ಲ್ಯಾಪ್‌ಟಾಪ್ ತೆರೆದು ತೋರಿಸುತ್ತಾರೆ. ಲೈವ್ ಸರ್ಜರಿಗಿಂತ ನನಗೆ ಇದೇ ಇಷ್ಟ. ಲೈವ್‌ನಲ್ಲಿ ಸರ್ಜನ್ ಒಂದು ಕಣ್ಣು ರೋಗಿಯ ಮೇಲೆ, ಒಂದು ಕಿವಿ ಸಭೆಯ ಕಡೆ ಇಡಬೇಕು. ಈ ವಿಷಯ 2023ರಲ್ಲಿ ಸುಪ್ರೀಂ ಕೋರ್ಟಿಗೂ ಹೋಗಿತ್ತು.

ಮೈಕ್ ಮುಂದೆ ನಿಂತು ಪ್ರಶ್ನೆ ಕೇಳಲು ನಮ್ಮ ಹುಡುಗರಿಗೆ ಅಂಜಿಕೆ. ಇಂಗ್ಲಿಷ್ ತಡವರಿಸಿದರೆ ಅಂತ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆದುಕೊಂಡು ಓದಿ. ಹೊಗಳಿಕೆ ಬೇಡ, ನಿಮ್ಮ ಅನುಭವದ ಪುರಾಣ ಬೇಡ. ಪುರಾಣ ಹೇಳುವ ಹಿರಿಯರು ಪ್ರತಿ ಹಾಲ್‌ನಲ್ಲೂ ಒಬ್ಬರು ಇದ್ದೇ ಇರುತ್ತಾರೆ, ನೀವು ಸೇರಿಕೊಳ್ಳುವ ಅಗತ್ಯ ಇಲ್ಲ.

ಕಾರಿಡಾರ್

ನಿಜವಾದ ಕಾನ್ಫರೆನ್ಸ್ ನಡೆಯುವುದು ಊಟದ ಸಾಲಿನಲ್ಲಿ. ವೇದಿಕೆಯ ಮೇಲೆ ಯಾರೂ ತಮ್ಮ ಕೆಟ್ಟ ತಿಂಗಳ ಬಗ್ಗೆ ಹೇಳುವುದಿಲ್ಲ. ತಟ್ಟೆ ಹಿಡಿದು ನಿಂತಾಗ ಹೇಳುತ್ತಾರೆ. ಪಿಎಂಎಂಸಿ ಫ್ಲ್ಯಾಪ್‌ನ (ಎದೆಯ ಸ್ನಾಯು ತಂದು ಮುಚ್ಚಿದ ಭಾಗದ) ತುದಿ ಕಪ್ಪಾದಾಗ ಎಷ್ಟು ದಿನ ಕಾಯಬೇಕು, ಕೊರಳಲ್ಲಿ ಹಾಲಿನಂಥ ದ್ರವ ಸೋರುತ್ತಿದ್ದರೆ ಯಾವಾಗ ಮತ್ತೆ ಓಟಿಗೆ ಒಯ್ಯಬೇಕು, ಆಯುಷ್ಮಾನ್ ಪ್ಯಾಕೇಜಿನಲ್ಲಿ ಸ್ಟೇಪ್ಲರ್ ಖರ್ಚು ಹೇಗೆ ಸರಿದೂಗಿಸುತ್ತೀರಿ. ಇಂಥವು ಯಾವ ಪುಸ್ತಕದಲ್ಲೂ ಇಲ್ಲ.

ದೊಡ್ಡ ಹೆಸರಿನವರ ಹಿಂದೆ ಸೆಲ್ಫಿಗೆ ಓಡುವ ಬದಲು, ನಿಮ್ಮಂಥದೇ ಊರಿನಲ್ಲಿ ಕೆಲಸ ಮಾಡುವವರನ್ನು ಹುಡುಕಿ. ನಾಂದೇಡ್, ಗುಂಟೂರು, ಸೇಲಂ, ಅಂಥ ಕಡೆಯವರು. ಅವರ ಕಷ್ಟ ನಿಮ್ಮದೇ. ಒಮ್ಮೆ ಟೀ ಕುಡಿಯುತ್ತಾ, ನನ್ನ ಕರುಳಿನ ಕೇಸ್‌ಗಳಲ್ಲಿ ಹನ್ನೆರಡು ನೋಡ್ ಬರುತ್ತಿಲ್ಲ, ನಾನು ಎಲ್ಲಿ ಕಡಿಮೆ ತೆಗೆಯುತ್ತಿದ್ದೇನೆ ಗೊತ್ತಾಗುತ್ತಿಲ್ಲ ಅಂದೆ. ಪಕ್ಕದಲ್ಲಿದ್ದವರು ಸರ್ಜರಿ ಬಗ್ಗೆ ಏನೂ ಕೇಳಲಿಲ್ಲ. "ಸ್ಪೆಸಿಮನ್ ಕತ್ತರಿಸಿ ನೋಡ್ ಹುಡುಕುವವರು ಯಾರು, ಎಷ್ಟು ಹೊತ್ತು ಹುಡುಕ್ತಾರೆ?" ಅಂದರು. ಊರಿಗೆ ಬಂದು ಪೆಥಾಲಜಿ ಲ್ಯಾಬ್‌ನಲ್ಲಿ ಕೂತೆವು. ಕೊಬ್ಬನ್ನು ಒಂದು ದಿನ ಹೆಚ್ಚು ಫಾರ್ಮಲಿನ್‌ನಲ್ಲಿಟ್ಟು ಮತ್ತೆ ಹುಡುಕಿದಾಗ ನೋಡ್‌ಗಳು ಸಿಗತೊಡಗಿದವು. ರೋಗದ ಹಂತ ಬದಲಾದರೆ ಕೀಮೊ ಕೊಡುವ ನಿರ್ಧಾರವೂ ಬದಲಾಗುತ್ತದೆ. ಸಣ್ಣ ವಿಷಯ ಅಲ್ಲ.

ದುಡ್ಡು, ಸ್ಟಾಲ್, ಕ್ರೆಡಿಟ್

ಅರ್ಲಿ ಬರ್ಡ್ ದಿನಾಂಕ ತಪ್ಪಿಸಿಕೊಳ್ಳಬೇಡಿ. ಆಮೇಲೆ ಶುಲ್ಕ ಏರುತ್ತದೆ. ಕಂಪನಿಯವರ ಟಿಕೆಟ್, ಹೋಟೆಲ್ ಬೇಡವೇ ಬೇಡ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತಂದ, ಔಷಧಿ ಮಾರಾಟದ ನಡವಳಿಕೆಯ ಯುಸಿಪಿಎಂಪಿ ಸಂಹಿತೆ ಪ್ರಕಾರ ಭಾಷಣಕಾರರಲ್ಲದ ಡಾಕ್ಟರಿಗೆ ಔಷಧಿ ಕಂಪನಿ ಪ್ರಯಾಣ, ವಸತಿ ಕೊಡುವಂತಿಲ್ಲ. ಅವರು ಹೊರದೇಶದಲ್ಲಿ ಇಂಥ ಸಭೆ ನಡೆಸುವಂತೆಯೂ ಇಲ್ಲ. ಸಂಹಿತೆ ಇರಲಿ ಬಿಡಲಿ, ಟಿಕೆಟ್ ಕೊಟ್ಟವರ ಸ್ಟೇಪ್ಲರ್ ಆಮೇಲೆ ನಿಮ್ಮ ಓಟಿಗೆ ಬರುತ್ತದೆ. ರೈಲಿನಲ್ಲಿ ಹೋಗಿ, ಬ್ಯಾಚ್‌ಮೇಟ್ ಜೊತೆ ರೂಮ್ ಹಂಚಿಕೊಳ್ಳಿ.

ಸ್ಟಾಲ್‌ಗಳನ್ನು ನೋಡಿ, ಉಪಕರಣ ಕೈಯಲ್ಲಿ ಹಿಡಿದು ನೋಡಿ. ಬೆಲೆ ಕೇಳಿ. ಜೊತೆಗೆ ವರ್ಷದ ರಿಪೇರಿ ಖರ್ಚು ಮತ್ತು ಒಂದು ಕೇಸ್‌ಗೆ ಬಿಸಾಡುವ ಭಾಗದ ಖರ್ಚು ಕೇಳಿ. ಈ ಎರಡು ಪ್ರಶ್ನೆಗೆ ಉತ್ತರ ಕೊಡುವಾಗ ಅವರ ನಗು ಸ್ವಲ್ಪ ಕಡಿಮೆಯಾಗುತ್ತದೆ.

ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ನವೀಕರಣಕ್ಕೆ 5 ವರ್ಷಕ್ಕೆ 30 ಕ್ರೆಡಿಟ್ (ಇಂಥ ಕಲಿಕೆಗೆ ಸಿಗುವ ಅಂಕ) ಬೇಕು. ಬೇರೆ ರಾಜ್ಯದ ಸಮ್ಮೇಳನವಾದರೆ ಅಲ್ಲಿನ ಕೌನ್ಸಿಲ್‌ನ ಕ್ರೆಡಿಟ್ ಪತ್ರ ಕೇಳಿ ತೆಗೆದುಕೊಂಡು, ಫೈಲ್‌ನಲ್ಲಿ ಹಾಕಿ.

ನಿಮ್ಮದನ್ನೂ ಹೇಳಿ

ಜಿಲ್ಲೆಯವರ ಬಳಿ ಹೇಳಲು ಏನಿದೆ ಅಂತ ಅಂದುಕೊಳ್ಳಬೇಡಿ. ಜಗತ್ತಿನ ಪುಸ್ತಕ ಬದಲಿಸಿದ ಒಂದು ಪ್ರಶ್ನೆ ನಮ್ಮಂಥ ರೋಗಿಗಳದ್ದೇ. ಬಾಯಿ ಕ್ಯಾನ್ಸರ್ ಸಣ್ಣದಿದೆ, ಕತ್ತಿನಲ್ಲಿ ಏನೂ ಕೈಗೆ ಸಿಗುತ್ತಿಲ್ಲ. ಕತ್ತಿನ ಆಪರೇಷನ್ ಈಗಲೇ ಮಾಡಬೇಕಾ, ಅಥವಾ ಗಂಟು ಬಂದ ಮೇಲೆ ಮಾಡಿದರೆ ಸಾಕಾ? ಟಾಟಾ ಮೆಮೋರಿಯಲ್‌ನ ಅನಿಲ್ ಡಿಕ್ರೂಜ್ ಮತ್ತು ತಂಡ ಇದರ ಮೇಲೆ ಹತ್ತು ವರ್ಷ ಟ್ರಯಲ್ ನಡೆಸಿ 2015ರ ಆ್ಯಸ್ಕೊದ ಮುಖ್ಯ ವೇದಿಕೆಯಲ್ಲಿ ಉತ್ತರ ಕೊಟ್ಟರು. ಮೊದಲೇ ಕತ್ತು ಮಾಡಿದವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಶೇ 80, ಕಾದು ನೋಡಿದವರಲ್ಲಿ ಶೇ 67.5. "ಎರಡು ತಿಂಗಳಿಗೊಮ್ಮೆ ಬಂದು ತೋರಿಸಿ" ಅಂದರೆ ಸುಗ್ಗಿ ಮುಗಿಸಿ ಬರುವ ನಮ್ಮ ರೋಗಿಗಳಿಗೆ ಇದು ಇನ್ನೂ ದೊಡ್ಡ ವಿಷಯ.

ನಿಮಗೆ ಟ್ರಯಲ್ ನಡೆಸಲು ಆಗದಿರಬಹುದು. ಆಡಿಟ್ ಮಾಡಬಹುದು. ಜೇಬಿನಲ್ಲಿಟ್ಟ ಆ ಹಾಳೆಯೇ ಪೋಸ್ಟರ್‌ನ ಮೊದಲ ಕರಡು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಫೋಟೊಗೆ ರೋಗಿಯ ಸಹಿ ಬೇಕು. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೆ ಸಾಲದು, ಊರಿನವರು ಗಲ್ಲ ನೋಡಿ ಗುರುತು ಹಿಡಿಯುತ್ತಾರೆ. ಫಾಲೋಅಪ್ ಸಿಗದವರನ್ನು ಲೆಕ್ಕದಿಂದ ಬಿಡಬೇಡಿ, ಸಿಗಲಿಲ್ಲ ಅಂತಲೇ ಬರೆಯಿರಿ. ಫೋನ್ ನಂಬರ್ ಬದಲಾಗಿದ್ದರೆ ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ. ನನಗೆ ಇದರಿಂದ ಬಹಳ ಸಹಾಯವಾಗಿದೆ.

ವಾಪಸ್ ಬಂದ ಮೇಲೆ

ಬಂದ ವಾರದಲ್ಲೇ ಓಟಿ ಸಿಸ್ಟರ್, ಅರಿವಳಿಕೆ ಡಾಕ್ಟರು, ರೇಡಿಯೇಷನ್‌ನವರು, ಪೆಥಾಲಜಿಯವರು ಎಲ್ಲರನ್ನೂ ಅರ್ಧ ಗಂಟೆ ಕೂರಿಸಿ. ಸ್ಲೈಡ್ ಬೇಡ. ಏನು ಕೇಳಿ ಬಂದೆ, ಯಾವುದನ್ನು ಬದಲಿಸೋಣ, ಯಾವುದು ನಮಗೆ ಬೇಡ. ಒಂದೇ ಒಂದು ಬದಲಾವಣೆ ಆರಿಸಿ. ಐದು ಆರಿಸಿದರೆ ಒಂದೂ ಉಳಿಯುವುದಿಲ್ಲ.

ಇದಕ್ಕೊಂದು ಉದಾಹರಣೆ. 2022ರಲ್ಲಿ ಪ್ಯಾರಿಸ್‌ನಲ್ಲಿ ನಡೆದ, ಯುರೋಪಿನ ಕ್ಯಾನ್ಸರ್ ತಜ್ಞರ ಸಂಘ ಎಸ್ಮೊದ ಸಮ್ಮೇಳನದಲ್ಲಿ ಟಾಟಾದ ರಾಜೇಂದ್ರ ಬಡ್ವೆ ಒಂದು ಟ್ರಯಲ್ ಹೇಳಿದರು. ಸ್ತನದ ಆಪರೇಷನ್‌ಗೆ 7ರಿಂದ 10 ನಿಮಿಷ ಮುಂಚೆ ಗಡ್ಡೆಯ ಸುತ್ತ ಶೇ 0.5ರ ಲಿಗ್ನೊಕೇನ್ (ಮರಗಟ್ಟಿಸುವ ಔಷಧಿ) ಚುಚ್ಚುವುದು. ಐದು ವರ್ಷಕ್ಕೆ ಬದುಕಿದ್ದವರು ಶೇ 86.4ರಿಂದ 90.1ಕ್ಕೆ ಏರಿದರು. ಪ್ರತಿ ಓಟಿಯ ಕಪಾಟಿನಲ್ಲಿ ಇರುವ ಔಷಧಿ ಅದು. ಇದರ ಬಗ್ಗೆ ತಕರಾರೂ ಇದೆ: ಇನ್ನೊಂದು ಗುಂಪಿಗೆ ಖಾಲಿ ಇಂಜೆಕ್ಷನ್ ಕೊಟ್ಟಿರಲಿಲ್ಲ, ಬೇರೆಯವರು ಇದನ್ನು ಮತ್ತೆ ಮಾಡಿ ತೋರಿಸಬೇಕು. ನಾವು ಕೂತು ಮಾತಾಡಿದೆವು. ಡೋಸ್ ಮಿತಿ ಗೋಡೆಯ ಮೇಲೆ ಬರೆದು, ಗಡಿಯಾರ ನೋಡಿ ಕಾಯಲು ಅರಿವಳಿಕೆಯವರು ಒಪ್ಪಿದ ಮೇಲೆ ಶುರು ಮಾಡಿದೆವು. ನಿಮ್ಮ ತಂಡ ಬೇಡ ಅನ್ನಬಹುದು. ಕೂತು ಮಾತಾಡಿ ಬೇಡ ಅಂದರೆ ಅದೂ ಸರಿಯೇ.

ಬದಲಾಯಿಸಿದ್ದನ್ನು ಆರು ತಿಂಗಳ ನಂತರ ಲೆಕ್ಕ ನೋಡಲು ಕ್ಯಾಲೆಂಡರ್‌ನಲ್ಲಿ ದಿನ ಗುರುತು ಹಾಕಿ. ಕಾರಿಡಾರ್‌ನಲ್ಲಿ ಪರಿಚಯವಾದವರಿಗೆ ಒಂದು ವಾರದೊಳಗೆ ಮೆಸೇಜ್ ಕಳಿಸಿ, ನಮಸ್ಕಾರಕ್ಕಲ್ಲ, ಒಂದು ಕೇಸ್ ಕೇಳಲು. ಆ ಎಳೆ ಉಳಿಯುವುದು ಹಾಗೆ.

ಹೋಗಲು ಆಗದ ವರ್ಷ ಬರುತ್ತದೆ. ಮಗು ಸಣ್ಣದಿರುತ್ತದೆ, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರುತ್ತಾರೆ, ಜೊತೆ ಡಾಕ್ಟರು ಕೆಲಸ ಬಿಟ್ಟಿರುತ್ತಾರೆ. ಆಗ 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ಆನ್‌ಲೈನ್ ಟ್ಯೂಮರ್ ಬೋರ್ಡ್‌ಗೆ (ಹಲವು ತಜ್ಞರು ಕೂತು ಕೇಸ್ ಚರ್ಚಿಸುವ ಸಭೆಗೆ) ನಿಮ್ಮ ಕಷ್ಟದ ಕೇಸ್ ಕಳಿಸಿ. ಕ್ಯಾಮೆರಾ ಮುಂದೆ ಕೂತು ಕೇಳಿಸಿಕೊಳ್ಳಿ. ಊಟದ ಸಾಲು ಇರುವುದಿಲ್ಲ ಅನ್ನುವುದೊಂದೇ ಕೊರತೆ.

ಮುಂದಿನ ವರ್ಷ ಹೊರಡುವಾಗ ಸಾಧ್ಯವಾದರೆ ನಿಮ್ಮ ಪೆಥಾಲಜಿಸ್ಟ್‌ರನ್ನೂ ಕರೆದುಕೊಂಡು ಹೋಗಿ. ಆಸ್ಪತ್ರೆ ಅವರ ನೋಂದಣಿ ಶುಲ್ಕ ಕೊಡದಿದ್ದರೆ ಸ್ಟಾಕ್‌ಹೋಮ್‌ನ ಲೆಕ್ಕ ಮತ್ತೊಮ್ಮೆ ಹೇಳಿ ನೋಡಿ. ನಮ್ಮ ಕಡೆ ಎರಡನೇ ಸಲ ಹೇಳಿದಾಗ ಒಪ್ಪಿದರು, ಅರ್ಧ ಶುಲ್ಕಕ್ಕೆ.